ಬಳ್ಳಾರಿ ಬಿಸಿಲಲ್ಲಿ ಬೈಂಡರ್: ನಾಲ್ಕು ವರ್ಷ ಹಾಕಿ ನೋಡಿದವನ ಮಾತು

ಮೊದಲೇ ಹೇಳಿಬಿಡುತ್ತೇನೆ, ಇದು ಕಾಗದ ಇಡುವ ಬೈಂಡರ್ ಅಲ್ಲ. ಎದೆ ಚಪ್ಪಟೆಯಾಗಿ ಕಾಣಲಿ ಅಂತ ನಮ್ಮಂಥ ಟ್ರಾನ್ಸ್ ಗಂಡಸರು, ಅಂದರೆ ಹುಡುಗಿ ಅಂತ ಬೆಳೆಸಿದರೂ ಗಂಡಾಗಿ ಬಾಳುವವರು, ಅಂಗಿಯ ಒಳಗೆ ಹಾಕುವ ಬಿಗಿ ಬನಿಯನ್. ನಮ್ಮೂರಿನ ಅಂಗಡಿಗಳಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾರೆ, ಆನ್‌ಲೈನ್‌ನಲ್ಲೇ ತರಿಸಬೇಕು. 2021ರಿಂದ ಇಲ್ಲಿಯವರೆಗೆ ಮೂರು ಹಾಕಿದ್ದೇನೆ. ಮೂರೂ ಬೇರೆ ಬೇರೆ ಕಡೆಯವು. ಕಂಪನಿ ಹೆಸರು ಬರೆಯುವುದಿಲ್ಲ, ನನ್ನ ಮೈಗೆ ಆಗದ್ದು ನಿಮ್ಮ ಮೈಗೆ ಆಗಬಹುದು. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಟೈಲರ್. ಹಾಗಾಗಿ ಹೊಲಿಗೆ ಬಗ್ಗೆ ಮಾತು ಸ್ವಲ್ಪ ಜಾಸ್ತಿಯಾದೀತು. ಬೇಜಾರಾದರೆ ಆ ಭಾಗ ಬಿಟ್ಟು ಓದಿ.

ಬೈಂಡರ್‌ಗೆ ಮುಂಚೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುತ್ತಿದ್ದೆ. ಅಜ್ಜಿಗೆ ಮೊಣಕಾಲು ನೋವು ಅಂತ ಮೆಡಿಕಲ್ ಶಾಪ್‌ನಲ್ಲಿ ಸುಳ್ಳು ಹೇಳಿ ತಂದಿದ್ದು. ಮಷೀನ್ ಮುಂದೆ ಬಗ್ಗಿ ಕೂತರೆ ಮಧ್ಯಾಹ್ನದ ಹೊತ್ತಿಗೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ರಾತ್ರಿ ಬಿಚ್ಚಿದರೆ ಪಕ್ಕೆಲುಬಿನ ಮೇಲೆ ಬ್ಯಾಂಡೇಜಿನ ಅಂಚು ಅಚ್ಚೊತ್ತಿರುತ್ತಿತ್ತು. ಇದನ್ನು ನಮ್ಮ ಗುಂಪಿನಲ್ಲಿ ಹೇಳಿದೆ, ಸ್ವಲ್ಪ ಜಂಬದಿಂದಲೇ. ಗುಂಪು ಅಂದರೆ ಬೇರೆ ಬೇರೆ ಜಿಲ್ಲೆಯ ಟ್ರಾನ್ಸ್ ಗಂಡಸರು ಫೋನಿನಲ್ಲಿ ಮಾಡಿಕೊಂಡಿರುವ ಗುಂಪು. ನಾನಾಗ ಹೊಸಬ. ಹುಬ್ಬಳ್ಳಿ ಕಡೆಯ ಅಣ್ಣನೊಬ್ಬ ಐದು ಸೆಕೆಂಡಿನ ವಾಯ್ಸ್ ಕಳಿಸಿದ: "ಮೊದ್ಲು ಅದನ್ನ ಬಿಚ್ಚಪಾ. ಆಮ್ಯಾಲೆ ಮಾತಾಡೋಣು."

ಆಮೇಲೆ ಮಾತಾಡಿದ. ಬೈಂಡರ್ ತರಿಸು, ತರಿಸುವ ಮುಂಚೆ ಅಳತೆ ತೆಗೆದುಕೋ ಅಂದ. ನಾನು ಟೈಲರ್, ನನಗೆ ಅಳತೆ ಹೇಳಿಕೊಡ್ತಾನಲ್ಲ ಅಂತ ನಗು ಬಂತು. ನಗಬಾರದಿತ್ತು.

ನನ್ನ ಎದೆ ಸುತ್ತಳತೆ ಮೂವತ್ತಾರೂವರೆ ಇಂಚು. ಕಂಪನಿಯ ಪಟ್ಟಿ ಪ್ರಕಾರ ಎಮ್ ಸೈಜು 36ಕ್ಕೆ ಮುಗಿಯುತ್ತದೆ, ಅಲ್ಲಿಂದ ಎಲ್. ಅರ್ಧ ಇಂಚು ತಾನೆ, ಚಿಕ್ಕದು ತಗೊಂಡರೆ ಇನ್ನೂ ಚಪ್ಪಟೆ ಆಗುತ್ತದೆ ಅನ್ನೋ ಆಸೆಗೆ ಎಮ್ ತರಿಸಿದೆ. 1,400 ರೂಪಾಯಿ. ಸೊಂಟದವರೆಗೆ ಬರುವ ಉದ್ದನೆಯದು. ಪಾರ್ಸೆಲ್ ಕವರ್ ಮೇಲೆ ಬರೀ 'ಉಡುಪು' ಅಂತಿತ್ತು, ಅದಕ್ಕೆ ಪೂರ್ತಿ ಅಂಕ. ಆದರೆ ಮೊದಲ ದಿನ ಬಚ್ಚಲಲ್ಲಿ ಹಾಕಿ ನೋಡಿ ತೆಗೆಯೋಕೆ ಹೋದೆ, ಬೆವರಿಗೆ ಭುಜದಲ್ಲೇ ಸಿಕ್ಕಿಹಾಕಿಕೊಂಡಿತು. ಎರಡೂ ಕೈ ಮೇಲೆ, ಮುಖದ ಮೇಲೆ ಬೈಂಡರ್, ಹೊರಗೆ ಅವ್ವ ಬಾಗಿಲು ಬಡಿಯುತ್ತಿದ್ದಾಳೆ. ಹತ್ತು ನಿಮಿಷ ಹಾಗೇ ನಿಂತಿದ್ದೆ. ತಲೆ ಮೇಲಿಂದ ಎಳೆಯಬೇಡಿ, ಪ್ಯಾಂಟ್ ಥರ ಕಾಲಿನಿಂದ ಏರಿಸಿ, ಕಾಲಿನ ಕಡೆಗೇ ಇಳಿಸಿ. ಇದನ್ನು ಯಾವ ಪಾರ್ಸೆಲ್ ಒಳಗಿನ ಚೀಟಿಯಲ್ಲೂ ನಾನು ನೋಡಲಿಲ್ಲ.

ಆ ಎಮ್ ಸೈಜು ಮೂರು ವಾರ ಹಾಕಿದೆ. ಸಂಜೆ ನಾಲ್ಕರ ಹೊತ್ತಿಗೆ ಬಲಗೈ ಜುಮ್ ಅನ್ನುತ್ತಿತ್ತು, ಕಂಕುಳಲ್ಲಿ ಚರ್ಮ ಕೆಂಪಗೆ ಸುಲಿದಿತ್ತು. ಕೂತರೆ ಕೆಳಗಿನ ಅಂಚು ಹೊಟ್ಟೆ ಮೇಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಒಳ ಉಡುಪು ಅಂತ ವಾಪಸ್ ತಗೊಳ್ಳಲಿಲ್ಲ. ಅದು ಸರಿಯೇ, ಆದರೆ 1,400 ಹೋಯಿತಲ್ಲ. ಕೊನೆಗೆ ತೊಳೆದು, ಗುಂಪಿನಲ್ಲಿ 34 ಇಂಚಿನ ಹುಡುಗನೊಬ್ಬನಿಗೆ ಕಳಿಸಿದೆ. ಅವನು ಈಗಲೂ ಅದನ್ನೇ ಹಾಕುತ್ತಾನೆ, ಒಂದು ದೂರು ಹೇಳಿಲ್ಲ.

ಎರಡನೆಯದು 2022ರಲ್ಲಿ ತಂದಿದ್ದು. ಎಲ್ ಸೈಜು, ಎದೆಯ ಕೆಳಗೇ ನಿಲ್ಲುವ ಅರ್ಧ ಬೈಂಡರ್, 950 ರೂಪಾಯಿ. ಇದನ್ನು ನಾನು ಮೇಜಿನ ಮೇಲೆ ಹಾಕಿ, ಒಳಹೊರಗೆ ಮಾಡಿ ನೋಡಿದೆ. ಮುಂಭಾಗ ಎರಡು ಪದರ. ಹೊರಗೆ ಜಾರುವ ನೈಲಾನ್, ಒಳಗೆ ಹತ್ತಿ ಬಟ್ಟೆ. ಆ ಹತ್ತಿ ಬಟ್ಟೆ ಅಡ್ಡಕ್ಕೆ ಎಳೆದರೆ ಹಿಗ್ಗಲ್ಲ, ಚಪ್ಪಟೆ ಮಾಡುವುದು ಅದೇ. ಬೆನ್ನಿನ ಕಡೆ ಒಂದೇ ಪದರ, ಚೆನ್ನಾಗಿ ಹಿಗ್ಗುತ್ತದೆ. ಉಸಿರು ಎಳೆದಾಗ ಬೆನ್ನು ಜಾಗ ಬಿಡುತ್ತದೆ. ಕ್ರೇಪ್ ಬ್ಯಾಂಡೇಜ್ ಹಾಗಲ್ಲ. ಮೈ ಅಲುಗಿದ ಹಾಗೆಲ್ಲ ಸುತ್ತು ಬಿಗಿಯುತ್ತಾ ಹೋಗುತ್ತದೆ, ಎಲ್ಲೂ ಬಿಡುವಿಲ್ಲ. ಹುಬ್ಬಳ್ಳಿ ಅಣ್ಣ ಯಾಕೆ ಅಷ್ಟು ಗಡುಸಾಗಿ ಹೇಳಿದ ಅಂತ ಅವತ್ತು ಗೊತ್ತಾಯಿತು.

ಹೊಲಿಗೆ ಮಾತ್ರ ಅಷ್ಟಕ್ಕಷ್ಟೆ. ಕಂಕುಳ ಹತ್ತಿರ ಓವರ್‌ಲಾಕ್ ದಾರ, ಅಂದರೆ ಬಟ್ಟೆಯ ಅಂಚು ಬಿಚ್ಚದ ಹಾಗೆ ಹಾಕುವ ಹೊಲಿಗೆಯ ದಾರ, ಹಾಗೇ ಚರ್ಮಕ್ಕೆ ಉಜ್ಜುತ್ತದೆ. ನಾನು ಹಳೇ ಬನಿಯನ್‌ನಿಂದ ಒಂದಿಂಚು ಪಟ್ಟಿ ಕತ್ತರಿಸಿ ಆ ಜೋಡಣೆ ಮೇಲೆ ಕೈಯಲ್ಲಿ ಹೊಲಿದೆ, ಅಷ್ಟಕ್ಕೇ ಉರಿ ನಿಂತಿತು. ಕೆಳಗಿನ ಎಲಾಸ್ಟಿಕ್ 14 ತಿಂಗಳಿಗೆ ಸೋತಿತು. ಬಿಸಿ ನೀರು, ಬ್ರಷ್, ಹಿಂಡುವುದು, ನೇರ ಬಿಸಿಲು ಯಾವುದೂ ಬೇಡ. ತಣ್ಣೀರಲ್ಲಿ ಕೈಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಣ್ಣ ಕಪ್ಪು ಬೇಡ. ಬೆವರಿನ ಉಪ್ಪು ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ, ತೆಳು ಅಂಗಿಯೊಳಗಿಂದಲೂ ಕಾಣುತ್ತದೆ. ಬೂದು ಬಣ್ಣ ವಾಸಿ.

ಒಣಗಿಸುವುದು ಎಲ್ಲಿ? ನಮ್ಮಂಥ ಮನೆಗಳಲ್ಲಿ ಇದೇ ದೊಡ್ಡ ಸಮಸ್ಯೆ. ನಾನು ಕೋಣೆಯೊಳಗೆ ಬಾಗಿಲ ಹಿಂದೆ, ಬನಿಯನ್ ಒಳಗೆ ಬನಿಯನ್ ಥರ ನೇತುಹಾಕುತ್ತಿದ್ದೆ. ಮುಗ್ಗಲು ವಾಸನೆ. ಆಮೇಲೆ ಅವ್ವನಿಗೆ ಗೊತ್ತಾಯಿತು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2021ರ ನವೆಂಬರ್‌ನಲ್ಲಿ ನಮ್ಮ ಬಳ್ಳಾರಿ ಕಡೆಯ ಟ್ರಾನ್ಸ್ ಹೆಂಗಸು, ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಕೊಟ್ಟರಲ್ಲ, ಅವರು ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಅದನ್ನು ಅವ್ವ ಟಿವಿಯಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ್ದಳು. ಬೈಂಡರ್ ಕೈಗೆ ಸಿಕ್ಕ ದಿನ ಅದನ್ನು ಹಿಡಿದುಕೊಂಡು ಕೇಳಿದಳು, "ನೀನೂ ಮಂಜಮ್ಮನ ಹಂಗೇನು?" "ಹಂಗೇ ಅವ್ವ, ಆದ್ರೆ ಉಲ್ಟಾ" ಅಂದೆ. ಎಂಟು ದಿನ ಮಾತಾಡಲಿಲ್ಲ. ಒಂಬತ್ತನೇ ದಿನ "ಒಳಗ ಒಣಗಿಸಿದ್ರ ನಾತ ಹೊಡೀತದ" ಅಂತ ಗೊಣಗುತ್ತಾ ಮಾಳಿಗೆಗೆ ಒಯ್ದು, ತನ್ನ ಸೀರೆಯ ಕೆಳಗೆ ಹಾಕಿ ಕ್ಲಿಪ್ ಹಚ್ಚಿ ಬಂದಳು. ಎಲ್ಲರ ಮನೆಯಲ್ಲೂ ಹೀಗಾಗಲ್ಲ, ಅದು ನನಗೆ ಗೊತ್ತು.

ಇನ್ನು ಬಿಸಿಲು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಯೂನಿಟ್ ಮೇಲೆ ಶೀಟು. ಬೆವರುಸಾಲೆ ಬರದೇ ಇರಲ್ಲ. ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಹಾಕಬಾರದು, ಹಾಕಿಕೊಂಡು ಮಲಗಬಾರದು, ಓಟ ಕಸರತ್ತು ಮಾಡಬಾರದು ಅನ್ನುತ್ತಾರೆ. ನನ್ನ ಕೆಲಸವೇ ಒಂಬತ್ತು ಗಂಟೆ. ಗುಂಪಿನಲ್ಲಿ ನರ್ಸಿಂಗ್ ಓದಿದ ಒಬ್ಬ ಇದ್ದಾನೆ. 1,800 ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂದಿದೆ, ಅದನ್ನು ಓದಿ ಕನ್ನಡದಲ್ಲಿ ವಾಯ್ಸ್ ಮಾಡಿ ಹಾಕಿದ. ಎದೆ ಕಟ್ಟುವವರಲ್ಲಿ ನೂರಕ್ಕೆ 97 ಜನಕ್ಕೆ ಏನಾದರೂ ಒಂದು ತೊಂದರೆ ಆಗಿದೆಯಂತೆ, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬೆನ್ನುನೋವು. ವಾರದಲ್ಲಿ ಎಷ್ಟು ದಿನ ಹಾಕುತ್ತೀರಿ ಅನ್ನುವುದು ತುಂಬಾ ಮುಖ್ಯವಂತೆ. ಅವತ್ತಿಂದ ಭಾನುವಾರ ನನಗೆ ಬೈಂಡರ್ ಇಲ್ಲ. ದೊಗಳೆ ಅಂಗಿ, ಮನೆಯೊಳಗೆ. ಊಟದ ಹೊತ್ತಲ್ಲಿ ಅರ್ಧ ಗಂಟೆ ತೆಗೆದಿಡುತ್ತೇನೆ. ಕೆಮ್ಮು, ನೆಗಡಿ ಬಂದ ದಿನ ಹಾಕಲ್ಲ. ಹಾಕದ ದಿನ ಕನ್ನಡಿ ನೋಡೋಕೆ ಕಷ್ಟ ಆಗುತ್ತದೆ. ಆಗುತ್ತದೆ, ಅಷ್ಟೆ.

ಟೇಪ್ ಬಗ್ಗೆಯೂ ಕೇಳುತ್ತೀರಿ. ಚರ್ಮಕ್ಕೇ ಅಂಟಿಸುವ ಹಿಗ್ಗುವ ಟೇಪ್. ಚಿಕ್ಕಪ್ಪನ ಮಗಳ ಮದುವೆಗೆ ಹಾಕಿದ್ದೆ, ತಂಪಾಗಿತ್ತು, ಚೆನ್ನಾಗಿತ್ತು. ತೆಗೆಯುವಾಗ ಕೊಬ್ಬರಿ ಎಣ್ಣೆ ಹಚ್ಚಿ ಕಾಯಬೇಕು. ನಾನು ಕಾಯಲಿಲ್ಲ, ಚರ್ಮವೂ ಜೊತೆಗೆ ಬಂತು.

ಕೆಲಸ ಮಾಡುತ್ತಾ ಅಂತ ಕೇಳಿದರೆ, ಮಾಡುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ ಫ್ರೀ. ನನ್ನ ಆಧಾರ್‌ನಲ್ಲಿ ಇನ್ನೂ ಹಳೇ ಹೆಸರು, ಹಳೇ ಫೋಟೊ. ಹೊಸಪೇಟೆ ಬಸ್ಸಿನಲ್ಲಿ ತೋರಿಸಿದೆ. ಕಂಡಕ್ಟರ್ ಕಾರ್ಡ್ ನೋಡಿದರು, ನನ್ನ ನೋಡಿದರು, "ಅಕ್ಕಂದು ಆಧಾರ್ ತಂದು ಫ್ರೀ ಹೋಗ್ತೀಯೇನಪ್ಪಾ?" ಅಂದರು. ಬಸ್ಸೆಲ್ಲ ನಕ್ಕಿತು. ದುಡ್ಡು ಕೊಟ್ಟು ಟಿಕೆಟ್ ತಗೊಂಡೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಟಿಕೆಟ್ ತಗೊಂಡಿಲ್ಲ.

ಈಗ ಹಾಕುತ್ತಿರುವುದು ಮೂರನೆಯದು, 2024ರದು, 1,300 ರೂಪಾಯಿ. ಪಕ್ಕದಲ್ಲಿ ಕೊಕ್ಕೆ ಇದೆ, ಹಾಕಿ ತೆಗೆಯೋದು ಸಲೀಸು. ಯೂನಿಟ್‌ನ ಚಿಕ್ಕ ಟಾಯ್ಲೆಟ್‌ನಲ್ಲೂ ಎರಡು ನಿಮಿಷ ಸಾಕು. ಕೊಕ್ಕೆ ಸಾಲು ಪಕ್ಕೆಗೆ ಚುಚ್ಚುತ್ತದೆ, ಎರಡನೆಯದರಷ್ಟು ಚಪ್ಪಟೆಯೂ ಮಾಡಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಎರಡನೆಯದಕ್ಕೆ ನಾಲ್ಕು. ಮೊದಲನೆಯದಕ್ಕೆ ಅಂಕ ಕೊಡೋಕೆ ನನಗೆ ಹಕ್ಕಿಲ್ಲ, ತಪ್ಪು ನನ್ನದು.

ಗುಂಪಿನಲ್ಲಿ ಈಗ ನಾನೂ ಅಡ್ಮಿನ್. ಟ್ರಾನ್ಸ್ ಹೆಂಗಸರಿಗೆ ಕೆಲವು ಕಡೆ ಹಮಾಮ್ ಅಂತ ಒಂದು ಮನೆ ಇರುತ್ತದೆ, ಗುರು ಇರುತ್ತಾರೆ, ಬೈದರೂ ಹೊಡೆದರೂ ಅನ್ನ ಹಾಕುತ್ತಾರೆ. ನಮಗೆ ಅಂಥದ್ದಿಲ್ಲ. ಹುಡುಗಿ ಅಂತ ಬೆಳೆಸಿರುತ್ತಾರೆ, ಸಂಜೆ ಆರಕ್ಕೆ ಒಳಗಿರಬೇಕು, ಹೊರಗೆ ಹೋಗೋದೆಲ್ಲಿ? ಅದಕ್ಕೇ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಫೋನು. ನಿಯಮ ಜಾಸ್ತಿ ಇಲ್ಲ. ಹದಿನೆಂಟು ತುಂಬಿರಬೇಕು. ಸೇರಿಸುವ ಮುಂಚೆ ಒಬ್ಬರು ಫೋನ್ ಮಾಡಿ ಮಾತಾಡುತ್ತಾರೆ. ಮೈ ಫೋಟೊ ಕೇಳುವ ಹಾಗಿಲ್ಲ, ಹಾಕುವ ಹಾಗೂ ಇಲ್ಲ. ಹಾರ್ಮೋನ್ ಇಂಜೆಕ್ಷನ್ ಎಷ್ಟು ತಗೋಬೇಕು ಅಂತ ಕೇಳಿದರೆ ಡಾಕ್ಟರ್ ಹತ್ತಿರ ಹೋಗು ಅನ್ನುತ್ತೇವೆ. ಒಂದು ಸಲ ಯಾರೋ ಹಳೇ ಹೆಸರಿನಿಂದ ಒಬ್ಬನನ್ನು ಕರೆದು ತಮಾಷೆ ಮಾಡಿದರು, ನಾನು ಸುಮ್ನೆ ಇದ್ದೆ, ನಾಳೆ ಹೇಳೋಣ ಅಂತ. ಬೆಳಿಗ್ಗೆ ನೋಡಿದರೆ ಆ ಹುಡುಗ ಗುಂಪು ಬಿಟ್ಟಿದ್ದ. ಈಗ ಆ ವಿಷಯದಲ್ಲಿ ನಾಳೆ ಅನ್ನಲ್ಲ.

ಅಳತೆ ನೋಡುವ ಕೆಲಸ ನನ್ನದು. ಬೇಡವಾದ, ಚಿಕ್ಕದಾದ ಬೈಂಡರ್ ನನಗೆ ಕಳಿಸುತ್ತಾರೆ. ತೊಳೆದು, ಕಂಕುಳಿಗೆ ಪಟ್ಟಿ ಹೊಲಿದು, ಎಲಾಸ್ಟಿಕ್ ಬದಲಿಸಿ ಮುಂದಿನವರಿಗೆ ಕಳಿಸುತ್ತೇನೆ. ಮನೆಗೆ ಪಾರ್ಸೆಲ್ ಹೋದರೆ ಕಷ್ಟ ಅನ್ನುವವರಿಗೆ ಗೆಳೆಯರ ಅಂಗಡಿ ವಿಳಾಸ. ಹನ್ನೊಂದು ಬೈಂಡರ್ ಹೀಗೆ ಓಡಾಡುತ್ತಿವೆ.

ಹೋದ ವಾರ ಸಿಂಧನೂರಿನ ಹುಡುಗನೊಬ್ಬ ಬರೆದ, "ಅಣ್ಣಾ, 35 ಇಂಚು, ಆದ್ರೆ ಒಂದು ಸೈಜು ಚಿಕ್ಕದೇ ಕಳ್ಸಿ, ಫುಲ್ ಫ್ಲಾಟ್ ಬೇಕು."

ಅಳತೆ ಟೇಪು ಸಡಿಲ ಹಿಡಿದು ಇನ್ನೊಂದು ಸಲ ಅಳೆದು ಕಳಿಸು ಅಂದೆ. ಅಳೆದ. 36 ದಾಟಿತು. ಬೂದು ಬಣ್ಣದ್ದೊಂದು ಎಲ್ ಇದೆ, ಎಲಾಸ್ಟಿಕ್ ಹಾಕಬೇಕು. ಶನಿವಾರ ಪಗಾರ ಆದ ಮೇಲೆ ಕೊರಿಯರ್ ಮಾಡುತ್ತೇನೆ.