ಸಣ್ಣ ವಾಲ್ಯೂಮಿನಲ್ಲೂ ತುಂಬಿದ ದನಿ: ಮೂರು ಆಂಪ್ ಬದಲಾಯಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯಮಹಾ ಎ-ಎಸ್301 ಆಂಪ್‌ಗೆ, ಅಂದರೆ ಸ್ಪೀಕರ್ ನಡೆಸುವ ಆಂಪ್ಲಿಫೈಯರ್‌ಗೆ. ಎಂಟು ತಿಂಗಳಿಂದ ಮನೆಯಲ್ಲಿದೆ, ಬದಲಾಯಿಸುವ ಯೋಚನೆ ಇಲ್ಲ. ಅದಕ್ಕೂ ಮುಂಚೆ ಎರಡು ಆಂಪ್ ಬಂದು ಹೋದವು, ಒಂದರಲ್ಲಿ ದುಡ್ಡೂ ಕಳೆದುಕೊಂಡೆ.

ನಾನು ಹೇಗೆ ಕೇಳುತ್ತೇನೆ ಅನ್ನೋದನ್ನ ಮೊದಲು ಹೇಳಬೇಕು, ಯಾಕಂದ್ರೆ ನನ್ನ ತೀರ್ಮಾನ ಪೂರ್ತಿ ಅದರ ಮೇಲೇ ನಿಂತಿದೆ. ಮೈಸೂರಿನಲ್ಲಿ ಬಾಡಿಗೆ ಮನೆ, ಹತ್ತಕ್ಕೆ ಹನ್ನೆರಡು ಅಡಿಯ ರೂಮು. ಬೆಳಿಗ್ಗೆ ಐದೂವರೆಗೆ ಎದ್ದು ಕಾಫಿ ಇಟ್ಟುಕೊಂಡು ಒಂದು ಗಂಟೆ ಕೂರುತ್ತೇನೆ. ಪಕ್ಕದ ರೂಮಿನಲ್ಲಿ ಮಗಳು ಮಲಗಿರುತ್ತಾಳೆ, ಹಾಗಾಗಿ ವಾಲ್ಯೂಮ್ ಯಾವಾಗಲೂ ಕಡಿಮೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಒಮ್ಮೊಮ್ಮೆ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ. ನನಗೆ ಬೇಕಾದದ್ದು ಇಷ್ಟೇ, ಆ ಸಣ್ಣ ದನಿಯಲ್ಲೂ ತಂಬೂರಿಯ ಖರ್ಜದ ತಂತಿ, ಅಂದರೆ ಅತಿ ಕೆಳಗಿನ ಸ್ವರದ ತಂತಿ, ಕೇಳಬೇಕು. ಅದು ಕೇಳದಿದ್ದರೆ ಹಾಡಿನ ಕಾಲಡಿಯಲ್ಲಿ ನೆಲವೇ ಇಲ್ಲ ಅನ್ನಿಸುತ್ತದೆ.

ಮೊದಲು ತಂದದ್ದು ಅಂಗೈ ಅಗಲದ ಕ್ಲಾಸ್-ಡಿ ಅನ್ನೋ ಬಗೆಯ ಒಂದು ಪುಟ್ಟ ಆಂಪ್. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ತಂದೆ. ಬಿಸಿಯಾಗುವುದಿಲ್ಲ, ಜಾಗ ಬೇಡ, ಬ್ಲೂಟೂತ್ ಇದೆ. ದನಿಯೂ ಸ್ವಚ್ಛವಾಗಿಯೇ ಇತ್ತು. ಆದರೆ ಹಾಡು ನಿಂತಾಗಲೂ ಸ್ಪೀಕರ್‌ನಿಂದ ಸಣ್ಣಗೆ 'ಸ್ಸ್' ಅನ್ನೋ ಸದ್ದು ಬರುತ್ತಲೇ ಇರುತ್ತಿತ್ತು, ಬೆಳಗಿನ ಹೊತ್ತಿನಲ್ಲಿ ಅದು ತುಂಬಾ ಕಾಡಿತು. ತಮ್ಮನಿಗೆ ಕೊಟ್ಟೆ. ಅವನ ಟಿವಿಗೆ ಅದು ಚೆನ್ನಾಗಿ ಹೊಂದಿಕೊಂಡಿದೆ.

ಎರಡನೆಯದರ ಹೆಸರು ಬೇಡ. ಹೊಸದು, ಕ್ಲಾಸ್-ಎಬಿ ಅನ್ನೋ ಹಳೆಯ ಬಗೆಯದು, ನಲವತ್ತು ವ್ಯಾಟ್, ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್. ಅಂಗಡಿಯಲ್ಲಿ ಹಾಕಿ ತೋರಿಸಿದಾಗ ತಬಲಾದ ಡಗ್ಗಾ ಎದೆಗೇ ತಾಗಿತು. ಆದರೆ ಅವರು ಹಾಕಿದ್ದು ಜೋರಾಗಿ. ಅದು ನನಗೆ ಆಗ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಮನ್ಸೂರರ ಹಳೆಯ ಮೊನೋ ರೆಕಾರ್ಡಿಂಗ್ ಒಂದನ್ನು ಹಾಕಿದೆ. ಮೊನೋ ಅಂದರೆ ಎರಡೂ ಸ್ಪೀಕರ್‌ಗೆ ಹೋಗುವುದು ಒಂದೇ ದನಿ, ಅದು ಎರಡು ಸ್ಪೀಕರ್‌ಗಳ ಸರಿಯಾಗಿ ನಡುವೆ ನಿಲ್ಲಬೇಕು ಅಲ್ವಾ. ಇಲ್ಲಿ ಪೂರ್ತಿ ಎಡಕ್ಕೆ ಹೋಗಿ ಕೂತಿತ್ತು. ವಾಲ್ಯೂಮ್ ಗುಂಡಿಯನ್ನು ಒಂದು ಕೂದಲಿನಷ್ಟು ತಿರುಗಿಸಿದರೆ ಬಲಗಡೆಯದೂ ಎಚ್ಚರವಾಗುತ್ತಿತ್ತು, ಆದರೆ ಅಷ್ಟರಲ್ಲಿ ದನಿ ಮಗಳನ್ನು ಎಬ್ಬಿಸುವಷ್ಟು ಜೋರಾಗಿರುತ್ತಿತ್ತು. ಹಿಂದಕ್ಕೆ ತಿರುಗಿಸಿದರೆ ಮತ್ತೆ ಎಡಗಡೆ ಮಾತ್ರ. ಸ್ಪೀಕರ್ ಕೆಟ್ಟಿದೆಯೇನೋ ಅಂದುಕೊಂಡು ಎಡಬಲದ ಸ್ಪೀಕರ್ ವೈರ್ ಅದಲು ಬದಲು ಮಾಡಿದೆ. ದನಿ ಬಲಕ್ಕೆ ಹೋಯಿತು, ಅಂದರೆ ಸ್ಪೀಕರ್‌ದು ತಪ್ಪಿಲ್ಲ. ವೈರ್ ವಾಪಸ್ ಹಾಕಿ ಇನ್‌ಪುಟ್‌ನ ಕೆಂಪು ಬಿಳಿ ಪಿನ್ ಬದಲಾಯಿಸಿದೆ. ದನಿ ಎಡಕ್ಕೇ ಅಂಟಿಕೊಂಡಿತ್ತು. ತೊಂದರೆ ಆಂಪ್‌ನ ಒಳಗೇ ಇದೆ ಅಂತ ಗೊತ್ತಾಯಿತು.

ಅಂಗಡಿಯವರು "ಸರ್, ಎಲ್ಲಾ ಆಂಪ್‌ನಲ್ಲೂ ಸ್ವಲ್ಪ ಹೀಗೇ ಇರುತ್ತೆ" ಅಂದರು. ಅದರಲ್ಲಿ ಅರ್ಧ ನಿಜ ಇದೆ. ವಾಲ್ಯೂಮ್ ಗುಂಡಿಯ ಹಿಂದೆ ಎರಡು ಕಂಟ್ರೋಲ್ ಒಂದೇ ಕಡ್ಡಿಗೆ ಸೇರಿಕೊಂಡಿರುತ್ತವೆ, ಎಡಕ್ಕೊಂದು ಬಲಕ್ಕೊಂದು. ತೀರಾ ಕೆಳಗಿನ ತುದಿಯಲ್ಲಿ ಅವೆರಡೂ ಒಂದೇ ಸಮ ಹೋಗುವುದು ಕಷ್ಟ, ಮೇಲಕ್ಕೆ ಹೋದ ಹಾಗೆ ಸರಿಹೋಗುತ್ತದೆ. ನನ್ನ ಡ್ಯಾಕ್ (ಫೋನಿನ ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡಿ ಕೊಡುವ ಡಬ್ಬಿ) ಎರಡು ವೋಲ್ಟ್ ಕಳಿಸುತ್ತದೆ. ಇಂಥ ಆಂಪ್‌ಗಳಿಗೆ ಅರ್ಧ ವೋಲ್ಟ್ ಬಂದರೂ ಪೂರ್ತಿ ಜೋರು. ಹಾಗಾಗಿ ನನಗೆ ಬೇಕಾದ ಸಣ್ಣ ದನಿ ಯಾವಾಗಲೂ ಆ ಕೆಟ್ಟ ತುದಿಯಲ್ಲೇ ಸಿಗುತ್ತಿತ್ತು. ಫೋನಿನಲ್ಲೇ ದನಿ ತಗ್ಗಿಸಿ ಗುಂಡಿಯನ್ನು ಮೇಲಕ್ಕೆ ಇಟ್ಟು ನೋಡಿದೆ. ದನಿ ನಡುವಿಗೆ ಬಂತು, ಆದರೆ ತಂಬೂರಿ ಇನ್ನೂ ತೆಳ್ಳಗೇ ಇತ್ತು. ಕೊನೆಗೆ ಆರು ಸಾವಿರ ನಷ್ಟ ಮಾಡಿಕೊಂಡು ಮಾರಿದೆ.

ತೆಳ್ಳಗೆ ಕೇಳೋದು ಆಂಪ್‌ನ ತಪ್ಪಲ್ಲ, ನಮ್ಮ ಕಿವಿ ಇರುವುದೇ ಹಾಗೆ ಅನ್ನೋದು ಆಮೇಲೆ ತಿಳಿಯಿತು. ದನಿ ಸಣ್ಣದಾದ ಹಾಗೆ ಕಿವಿ ಕೆಳಗಿನ ಸ್ವರಗಳನ್ನು ಬೇಗ ಬಿಟ್ಟುಬಿಡುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಾರ್ಮೋನಿಯಂನ ಕರಿ ಒಂದಕ್ಕೆ ಶ್ರುತಿ ಮಾಡಿದ ತಂಬೂರಿಯಲ್ಲಿ ಖರ್ಜ ಸುಮಾರು 69 ಹರ್ಟ್ಸ್. ಮೊದಲು ಮಾಯವಾಗುವುದು ಅದೇ. ಇದಕ್ಕೆ ವ್ಯಾಟ್ ಜಾಸ್ತಿ ಮಾಡಿ ಏನೂ ಪ್ರಯೋಜನ ಇಲ್ಲ. ನನ್ನ ಸ್ಪೀಕರ್ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುತ್ತದೆ. ಬೆಳಿಗ್ಗೆ ನಾನು ಕೇಳುವ 65ರ ಹತ್ತಿರದ ದನಿಗೆ ಒಂದು ವ್ಯಾಟ್‌ನ ನೂರನೇ ಒಂದು ಪಾಲು ಸಾಕು! ನಲವತ್ತೋ ಎಂಬತ್ತೋ ಅಂತ ತಲೆ ಕೆಡಿಸಿಕೊಂಡಿದ್ದೆ, ಎರಡು ಪಟ್ಟು ವ್ಯಾಟ್ ಅಂದರೂ ಸಿಗುವುದು ಮೂರೇ ಡೆಸಿಬೆಲ್.

ಯಮಹಾ ಗೆದ್ದದ್ದು ಇಲ್ಲೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಇಪ್ಪತ್ಮೂರು ಸಾವಿರಕ್ಕೆ ಸಿಕ್ಕಿತು. ಇದರಲ್ಲಿ ಲೌಡ್‌ನೆಸ್ (ಸಣ್ಣ ದನಿಯಲ್ಲಿ ಕಳೆದುಹೋಗುವ ಕೆಳಗಿನ ಸ್ವರಗಳನ್ನು ಉಳಿಸುವ ಸೌಲಭ್ಯ) ಬರೀ ಒತ್ತುವ ಬಟನ್ ಅಲ್ಲ, ತಿರುಗಿಸುವ ಗುಂಡಿ. ಬಳಸುವ ಕ್ರಮವೂ ಬೇರೆ. ಮೊದಲು ಲೌಡ್‌ನೆಸ್ ಫ್ಲಾಟ್‌ನಲ್ಲಿ, ಅಂದರೆ ಏನೂ ಬದಲಾಯಿಸದ ಜಾಗದಲ್ಲಿ ಇಟ್ಟು, ನೀವು ಕೇಳುವ ಅತಿ ಜೋರಿನ ಮಟ್ಟಕ್ಕೆ ವಾಲ್ಯೂಮ್ ಇಡಬೇಕು. ಆಮೇಲೆ ವಾಲ್ಯೂಮ್ ಮುಟ್ಟಬಾರದು, ಲೌಡ್‌ನೆಸ್ ಗುಂಡಿಯನ್ನೇ ತಿರುಗಿಸುತ್ತಾ ದನಿ ಇಳಿಸಬೇಕು. ಮಧ್ಯದ ಸ್ವರಗಳ ಜೋರು ಕಡಿಮೆಯಾಗುತ್ತದೆ, ಖರ್ಜದ್ದು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಇನ್ನೊಂದು ಲಾಭವೂ ಇದರಲ್ಲೇ ಬಂತು. ವಾಲ್ಯೂಮ್ ಗುಂಡಿ ಹತ್ತು ಗಂಟೆಯ ಜಾಗದಲ್ಲಿ ನಿಂತಿರುವುದರಿಂದ ಆ ಕೆಟ್ಟ ತುದಿಗೆ ಹೋಗುವ ಪ್ರಶ್ನೆಯೇ ಇಲ್ಲ, ಮನ್ಸೂರರು ನಡುವಿನಲ್ಲೇ ಕೂತು ಹಾಡುತ್ತಾರೆ. ಮೊದಲ ದಿನ ಹೀಗೆ ಕೇಳಿದಾಗ ಕಾಫಿ ಆರಿಹೋಗಿದ್ದೇ ಗೊತ್ತಾಗಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಬ್ಲೂಟೂತ್ ಇಲ್ಲ. ಒಂಬತ್ತು ಕೆಜಿ ಭಾರ. ಪ್ಯೂರ್ ಡೈರೆಕ್ಟ್ ಅನ್ನೋ ಬಟನ್ ಒತ್ತಿದರೆ ದನಿ ಇಂಥ ಗುಂಡಿಗಳನ್ನು ಬಿಟ್ಟು ನೇರ ಹೋಗುತ್ತದೆ, ಆಗ ಲೌಡ್‌ನೆಸ್ ಕೆಲಸ ಮಾಡುವುದಿಲ್ಲ, ಸೆಕೆಂಡ್ ಹ್ಯಾಂಡ್ ತರುವವರು ಇದನ್ನು ನೋಡಿ ಗುಂಡಿ ಕೆಟ್ಟಿದೆ ಅಂದುಕೊಳ್ಳಬೇಡಿ.

ಸ್ನೇಹಿತನ ಮನೆಯಲ್ಲಿ ಮರಾಂಟ್ಜ್ ಪಿಎಂ6007 ಕೇಳಿದ್ದೇನೆ. ಹದವಾಗಿ ಜೋರಾಗಿಟ್ಟಾಗ ಗಂಗೂಬಾಯಿಯವರ ದನಿಗೆ ಅದು ಯಮಹಾಗಿಂತ ಒಂದು ಕೈ ಮೇಲೆ, ಗಂಟಲಿನ ಆ ಒರಟು ಅಂಚು ಕೈಗೆ ಸಿಗುವ ಹಾಗಿರುತ್ತದೆ. ಸಂಜೆ ಹೊತ್ತು ಕೇಳುವವರಾದರೆ, ದುಡ್ಡಿದ್ದರೆ, ಅದನ್ನೇ ತಗೊಳ್ಳಿ. ನನ್ನ ಬಜೆಟ್ ಮೂವತ್ತು ಸಾವಿರ, ಅದು ತುಂಬಾ ದೂರ. ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವ ಹಳೆಯ ಬಗೆಯದು) ಇಲ್ಲದೆ ತುಂಬಿದ ದನಿ ಬರುವುದಿಲ್ಲ ಅನ್ನುವವರಿಗೆ ಎನ್ಎಡಿ 3020 ನೆನಪಿಸುತ್ತೇನೆ. 1978ರಲ್ಲಿ ಬಂದ ಬರೀ ಇಪ್ಪತ್ತು ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್ ಅದು, ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ.

ಅಂಗಡಿಗೆ ಹೋಗುವಾಗ ಫೋನಿನಲ್ಲಿ ಒಂದು ಮೊನೋ ಹಾಡು ಇಟ್ಟುಕೊಂಡು ಹೋಗಿ. ಜೋರಾಗಿ ಕೇಳಿಸಲಿ, ಬೇಡ ಅನ್ನಬೇಡಿ. ಆದರೆ ಹೊರಡುವ ಮುಂಚೆ ಎಸಿ ಆಫ್ ಮಾಡಿಸಿ, ನಿಮ್ಮ ಮನೆಯವರೆಲ್ಲ ಮಲಗಿದ್ದಾರೆ ಅಂದುಕೊಂಡು ಗುಂಡಿಯನ್ನು ಕೆಳಗೆ ತನ್ನಿ, ದನಿ ಯಾವ ಕಡೆ ಸರಿಯುತ್ತದೆ ನೋಡಿ.