ಅಗ್ನಿವೀರ್ ನೌಕರಿ: ನಾಲ್ಕು ವರ್ಷದ ಕರಾರಿನ ವಿಮರ್ಶೆ

ಯುವಕರನ್ನು ‘ಅಗ್ನಿವೀರ’ರೆಂದು ನಾಲ್ಕು ವರ್ಷದ ಮಟ್ಟಿಗೆ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ 2022ರ ಜೂನ್ 14ರಂದು ಘೋಷಣೆಯಾದ ದಿನದಿಂದ ಅದರ ಮೇಲಿನ ಜಗಳ ನಿಂತಿಲ್ಲ. ಪರ ನಿಂತವರು ಯುವ ಸೇನೆ, ಶಿಸ್ತು, ದೇಶಸೇವೆ ಎನ್ನುತ್ತಾರೆ. ವಿರುದ್ಧ ನಿಂತವರು ರೆಜಿಮೆಂಟಿನ ಒಗ್ಗಟ್ಟು, ಗಡಿಯ ಭದ್ರತೆ ಎನ್ನುತ್ತಾರೆ. ಎರಡೂ ಕಡೆಯವರು ಮಾತಾಡುವುದು ಸೇನೆಯ ಬಗ್ಗೆ. ಸಹಿ ಹಾಕುವ ಹುಡುಗನ ಕೈಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಕರಾರನ್ನು ಸಾಲು ಸಾಲಾಗಿ ಬಿಡಿಸಿ ಹೇಳುವವರು ಕಡಿಮೆ. ಹೊಸ ಬೈಕ್ ತೆಗೆದುಕೊಳ್ಳುವಾಗ ಮೈಲೇಜು, ಸರ್ವಿಸ್, ಮರುಮಾರಾಟದ ಬೆಲೆ ಎಲ್ಲವನ್ನೂ ಕೇಳುವ ಮನೆಯವರೇ ಇಲ್ಲಿ ಮಾತ್ರ ‘ಮಿಲ್ಟ್ರಿ ನೌಕರಿ’ ಎಂಬ ಒಂದೇ ಮಾತಿಗೆ ತಲೆಯಾಡಿಸುತ್ತಾರೆ. ಹಳೆಯ ಮಿಲ್ಟ್ರಿ ನೌಕರಿ ಬೇರೆ, ಇದು ಬೇರೆ. ಹಾಗಾಗಿ ಇದನ್ನು ನಾಲ್ಕು ವರ್ಷದ ಕರಾರು ಎಂದಷ್ಟೇ ಇಟ್ಟುಕೊಂಡು ನೋಡೋಣ.

ಮೊದಲು ಸಂಬಳ. ತಿಂಗಳಿಗೆ ಮೊದಲ ವರ್ಷ 30,000 ರೂಪಾಯಿ, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇ 30ರಷ್ಟು ‘ಸೇವಾ ನಿಧಿ’ಗೆ ಕಡಿತವಾಗುತ್ತದೆ. ಅಂದರೆ ಕೈಗೆ ಸಿಗುವುದು ಮೊದಲ ವರ್ಷ 21,000, ಕೊನೆಯ ವರ್ಷ 28,000. ನಾಲ್ಕು ವರ್ಷದಲ್ಲಿ ಕೈಗೆ ಬರುವ ಒಟ್ಟು ಮೊತ್ತ ಸುಮಾರು 11.72 ಲಕ್ಷ. ನಿಧಿಗೆ ಹೋಗುವ ಹುಡುಗನ ಪಾಲು 5.02 ಲಕ್ಷ, ಅಷ್ಟೇ ಮೊತ್ತವನ್ನು ಸರ್ಕಾರ ಸೇರಿಸುತ್ತದೆ, ಬಡ್ಡಿ ಕೂಡಿ ಹೊರಬರುವಾಗ ಸುಮಾರು 11.71 ಲಕ್ಷ. ಈ ಹಣಕ್ಕೆ ಆದಾಯ ತೆರಿಗೆ ಇಲ್ಲ. ಅಪಾಯದ ಭತ್ಯೆ, ಪಡಿತರ, ಸಮವಸ್ತ್ರ, ಪ್ರಯಾಣದ ಖರ್ಚು ಪ್ರತ್ಯೇಕ. ತುಟ್ಟಿಭತ್ಯೆ ಇಲ್ಲ, ಕಾಯಂ ಸೈನಿಕರಿಗೆ ಮೂಲ ವೇತನದ ಜೊತೆ ಸಿಗುವ ಮಿಲಿಟರಿ ಸರ್ವಿಸ್ ಪೇ ಇಲ್ಲ.

ಇದು ಕಡಿಮೆಯೇ? ಕಾಯಂ ಸಿಪಾಯಿಯ ಜೊತೆ ಇಟ್ಟು ನೋಡಿದರೆ ಉತ್ತರ ಸ್ವಲ್ಪ ಅಚ್ಚರಿ ತರುತ್ತದೆ. ಏಳನೇ ವೇತನ ಆಯೋಗದ ಪ್ರಕಾರ ಹೊಸ ಸಿಪಾಯಿಯ ಮೂಲ ವೇತನ 21,700, ಮಿಲಿಟರಿ ಸರ್ವಿಸ್ ಪೇ 5,200. ತುಟ್ಟಿಭತ್ಯೆ ಶೇ 50 ಎಂದು ಹಿಡಿದರೆ 40,350 ಆಗುತ್ತದೆ. ಅಗ್ನಿವೀರನ 30,000ಕ್ಕೆ ಸರ್ಕಾರ ಹಾಕುವ 9,000 ಸೇರಿಸಿದರೆ 39,000. ಮೊದಲ ವರ್ಷದ ಮಟ್ಟಿಗೆ ಹೆಚ್ಚೂ ಕಡಿಮೆ ಸಮ. ಸಂಬಳ ಸಾಲದು ಎಂದು ಟಿವಿಯಲ್ಲಿ ಕೂಗುವವರು ತಪ್ಪು ಜಾಗದಲ್ಲಿ ಕೈ ಇಟ್ಟಿದ್ದಾರೆ. ವ್ಯತ್ಯಾಸ ಇರುವುದು ತಿಂಗಳ ಕೊನೆಯಲ್ಲಲ್ಲ, ನಾಲ್ಕನೆಯ ವರ್ಷದ ಕೊನೆಯಲ್ಲಿ.

ಅಲ್ಲಿ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಮಾಜಿ ಸೈನಿಕ ಎಂಬ ಸ್ಥಾನಮಾನ ಇಲ್ಲ, ಆದ್ದರಿಂದ ಮಿಲ್ಟ್ರಿ ಕ್ಯಾಂಟೀನ್ ಕಾರ್ಡೂ ಇಲ್ಲ, ಮಾಜಿ ಸೈನಿಕರಿಗೆ ಇರುವ ಆಸ್ಪತ್ರೆ ಸೌಲಭ್ಯವೂ ಇಲ್ಲ. 11.71 ಲಕ್ಷವನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ತಿಂಗಳಿಗೆ 6,800 ರೂಪಾಯಿಯ ಹತ್ತಿರ ಬರುತ್ತದೆ. ಕೇಂದ್ರ ಸರ್ಕಾರದ ಕನಿಷ್ಠ ಪಿಂಚಣಿಯೇ 9,000, ಅದರ ಮೇಲೆ ತುಟ್ಟಿಭತ್ಯೆ, ಅದೂ ವರ್ಷ ವರ್ಷ ಏರುವಂಥದ್ದು. ಸೇವಾ ನಿಧಿಯನ್ನು ‘ಪಿಂಚಣಿಯ ಬದಲು’ ಎಂದು ಮಾರುವ ಕೋಚಿಂಗ್ ಅಕಾಡೆಮಿಗಳ ಮಾತು ಈ ಲೆಕ್ಕಕ್ಕೆ ನಿಲ್ಲುವುದಿಲ್ಲ. ಅದು ಒಂದು ಬಾರಿಯ ಬಂಡವಾಳ: ಒಂದು ಡಿಪ್ಲೊಮಾ, ಒಂದು ಸಣ್ಣ ವ್ಯಾಪಾರ, ಇಲ್ಲವೇ ಅಕ್ಕನ ಮದುವೆಯ ಸಾಲ. ಮೂರನೆಯದಕ್ಕೆ ಹೋದರೆ ಹುಡುಗ ಇಪ್ಪತ್ತೆರಡಕ್ಕೆ ಮತ್ತೆ ಶುರುವಿನಲ್ಲೇ ನಿಂತಿರುತ್ತಾನೆ.

ಸಣ್ಣ ಅಕ್ಷರದಲ್ಲಿರುವ ಎರಡು ಷರತ್ತುಗಳನ್ನು ತಪ್ಪದೆ ಓದಬೇಕು. ನಡುವೆ ಸ್ವಂತ ಇಚ್ಛೆಯಿಂದ ಬಿಡುವುದು ಸುಲಭವಲ್ಲ. ವಿಶೇಷ ಕಾರಣವಿದ್ದು ಮೇಲಧಿಕಾರಿಗಳು ಒಪ್ಪಿದರೂ ಸಿಗುವುದು ತನ್ನ ಪಾಲಿನ ಹಣ ಮತ್ತು ಬಡ್ಡಿ ಮಾತ್ರ, ಸರ್ಕಾರದ ಪಾಲು ಇಲ್ಲ. ಎರಡನೆಯದು, ನಾಲ್ಕು ವರ್ಷದ ನಂತರ ಕಾಯಂ ಆಗಿ ಆಯ್ಕೆಯಾದವನಿಗೂ ಸರ್ಕಾರದ ಪಾಲು ಸಿಗುವುದಿಲ್ಲ. ಅವನು ಮುಂದೆ ಕನಿಷ್ಠ 15 ವರ್ಷ ಸೇವೆ ಮಾಡಬೇಕು. ‘11.71 ಲಕ್ಷವೂ ಸಿಗುತ್ತದೆ, ಕಾಯಂ ಕೆಲಸವೂ ಸಿಗುತ್ತದೆ’ ಎಂದು ಯಾರಾದರೂ ಹೇಳಿದರೆ ಅವರು ಕರಾರು ಓದಿಲ್ಲ.

ಸೇರುವ ಹಾದಿಗೆ ಬರೋಣ. ಮೊದಲು ಎಲ್ಲರೂ ಮೈದಾನದಲ್ಲಿ ಓಡಿ, ಗೆದ್ದವರು ಬರೆಯುತ್ತಿದ್ದರು. 2023ರಿಂದ ಕ್ರಮ ತಿರುಗಿದೆ: ಮೊದಲು ಕಂಪ್ಯೂಟರ್ ಪರೀಕ್ಷೆ, ಪಾಸಾದವರಿಗೆ ಮಾತ್ರ ಭರ್ತಿ ರ‍್ಯಾಲಿ. ಇದು ಒಳ್ಳೆಯ ಬದಲಾವಣೆ. ಹಿಂದೆ ಸಾವಿರಾರು ಹುಡುಗರು ರಾತ್ರಿಯಿಡೀ ಬಸ್ ನಿಲ್ದಾಣದಲ್ಲಿ ಮಲಗಿ ಬೆಳಿಗ್ಗೆ ಐದೂವರೆ ನಿಮಿಷದ ಓಟದಲ್ಲಿ ಸೋತು ವಾಪಸಾಗುತ್ತಿದ್ದರು. ಪರೀಕ್ಷೆಯ ಶುಲ್ಕ 500, ಅದರಲ್ಲಿ ಅರ್ಧವನ್ನು ಸೇನೆಯೇ ಕಟ್ಟುತ್ತದೆ, ಅಭ್ಯರ್ಥಿ ಕೊಡುವುದು 250. ಜನರಲ್ ಡ್ಯೂಟಿಗೆ (ಜಿಡಿ, ಅಂದರೆ ಸಾಮಾನ್ಯ ಸೈನಿಕನ ಹುದ್ದೆ) ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಬೇಕು. ಟೆಕ್ನಿಕಲ್‌ಗೆ ಪಿಯುಸಿ ವಿಜ್ಞಾನ. ಜಿಡಿ ಪರೀಕ್ಷೆಯಲ್ಲಿ 50 ಪ್ರಶ್ನೆ, 100 ಅಂಕ, ಒಂದು ಗಂಟೆ. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಕನ್ನಡದಲ್ಲೂ ಬರೆಯಬಹುದು, ಅರ್ಜಿ ತುಂಬುವಾಗ ಭಾಷೆಯನ್ನು ಸರಿಯಾಗಿ ಆರಿಸಬೇಕು. ಯೋಜನೆಯ ಮೂಲ ವಯೋಮಿತಿ 17½ರಿಂದ 21. ಆಯಾ ವರ್ಷದ ಅಧಿಸೂಚನೆಯಲ್ಲಿ ಜನ್ಮದಿನಾಂಕದ ಗಡಿಯನ್ನು ನೋಡಿಕೊಂಡೇ ಮುಂದುವರಿಯಿರಿ.

ಓಟ 1.6 ಕಿಲೋಮೀಟರ್. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ 60 ಅಂಕ, 5.45ರೊಳಗೆ ಮುಗಿಸಿದವರಿಗೆ 48. ನಾನೂರು ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 82 ಸೆಕೆಂಡು. ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಮೂರನೆಯ ಸುತ್ತಿನಲ್ಲಿ. ಗುಂಪಿನಲ್ಲಿ ಮುಂದೆ ನುಗ್ಗಲು ಮೊದಲ ಸುತ್ತನ್ನು 70 ಸೆಕೆಂಡಿಗೆ ಓಡಿ ಉಸಿರು ಕಳೆದುಕೊಳ್ಳುತ್ತಾರೆ. ಹೊರಗಿನ ಸಾಲಿನಲ್ಲೇ ಸುತ್ತಿದರೆ ಓಡುವ ದೂರವೂ ಹೆಚ್ಚುತ್ತದೆ, ಆದ್ದರಿಂದ ಮೊದಲ ನೂರು ಮೀಟರಿನಲ್ಲಿ ಒಳಗೆ ಸೇರಿಕೊಂಡು ನಂತರ ವೇಗ ಹಿಡಿಯುವುದು ಸರಿ. ಓಟ ಮುಗಿದ ಮೇಲೆ ಪುಲ್‌ಅಪ್: 10ಕ್ಕೆ 40 ಅಂಕ, 6ಕ್ಕೆ 16. ಗದ್ದ ಕಂಬಿಯ ಮೇಲೆ ಬರಬೇಕು, ಮೈ ಜೋಲಾಡಿಸಿ ಎತ್ತಿದ್ದು ಲೆಕ್ಕಕ್ಕಿಲ್ಲ. ಮನೆಯಲ್ಲಿ ತಣ್ಣಗೆ ಹನ್ನೆರಡು ಎಳೆಯುವವನು ಓಡಿದ ಕೈಗಳಲ್ಲಿ ಏಳಕ್ಕೆ ನಿಲ್ಲುತ್ತಾನೆ, ಹಾಗಾಗಿ ಅಭ್ಯಾಸವೂ ಓಡಿದ ಮೇಲೆಯೇ ಆಗಬೇಕು. ಒಂಬತ್ತು ಅಡಿ ಹಳ್ಳದ ಜಿಗಿತ ಮತ್ತು ಅಂಕುಡೊಂಕು ಹಲಗೆಯ ನಡಿಗೆಗೆ ಅಂಕವಿಲ್ಲ, ಪಾಸಾದರೆ ಸಾಕು.

ಹೆಚ್ಚು ಜನ ಅನಿರೀಕ್ಷಿತವಾಗಿ ಉದುರುವ ಜಾಗ ವೈದ್ಯಕೀಯ ತಪಾಸಣೆ ಮತ್ತು ಕಾಗದಪತ್ರ. ಮಂಡಿ ತಾಗುವುದು, ಚಪ್ಪಟೆ ಪಾದ, ಕಾಲಿನ ನರ ಉಬ್ಬುವುದು, ಬಣ್ಣ ಗುರುತಿಸುವ ದೋಷ ಇವೆಲ್ಲ ಮೊದಲೇ ಗೊತ್ತಾಗಬೇಕಾದವು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದರೆ ಒಂದು ವರ್ಷದ ಕೋಚಿಂಗ್ ಶುಲ್ಕ ಉಳಿಯುತ್ತದೆ. ಕಿವಿಯ ಗುಗ್ಗೆಯನ್ನು ವೈದ್ಯರ ಕೈಯಲ್ಲಿ ತೆಗೆಸಿಕೊಂಡೇ ಹೋಗಬೇಕು. ಇಷ್ಟು ಸಣ್ಣ ವಿಷಯಕ್ಕೆ ಮರುತಪಾಸಣೆಗೆ ಅಲೆಯುವವರಿದ್ದಾರೆ. ಹಚ್ಚೆ ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗದಲ್ಲಿ ಮಾತ್ರ ನಡೆಯುತ್ತದೆ. ತೋಳಿನ ಮೇಲಿನ ಸಿಂಹ ಎಷ್ಟೇ ಚೆಂದವಿದ್ದರೂ ಮನೆಗೆ ಕಳಿಸುತ್ತದೆ. ಆಧಾರ್, ಅಂಕಪಟ್ಟಿ, ಜಾತಿ ಮತ್ತು ವಾಸಸ್ಥಳದ ಪ್ರಮಾಣಪತ್ರದಲ್ಲಿ ಹೆಸರು, ಇನಿಷಿಯಲ್ ಒಂದೇ ರೀತಿ ಇರಬೇಕು. ನಮ್ಮ ಕಡೆ ಶಾಲೆಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ಣ ಹೆಸರು ಇರುವುದು ಮಾಮೂಲು, ತೊಂದರೆ ಶುರುವಾಗುವುದು ಇಲ್ಲಿಂದಲೇ. ಅವಿವಾಹಿತ ಎಂಬ ಪತ್ರ, ನಡತೆ ಪ್ರಮಾಣಪತ್ರ, ನೋಟರಿ ಮಾಡಿಸಿದ ಅಫಿಡವಿಟ್ ಎಲ್ಲವನ್ನೂ ಅಧಿಸೂಚನೆಯ ನಮೂನೆಯಲ್ಲೇ ತರಬೇಕು. ನಾಲ್ಕು ವರ್ಷ ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಹಣ ಕೊಟ್ಟರೆ ಸೇರಿಸುತ್ತೇನೆ ಎನ್ನುವ ದಲ್ಲಾಳಿಗೆ ಇಡೀ ಪ್ರಕ್ರಿಯೆಯಲ್ಲಿ ಮಾಡಲು ಏನೂ ಇಲ್ಲ.

ಒಳಗೆ ಹೋದ ಮೇಲೆ ಮೊದಲ ಆರೇಳು ತಿಂಗಳು ತರಬೇತಿ, ಅದೂ ನಾಲ್ಕು ವರ್ಷದ ಲೆಕ್ಕದೊಳಗೇ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ ಕೇಂದ್ರಗಳಲ್ಲಿ ಅಗ್ನಿವೀರರ ತಂಡಗಳು ತಯಾರಾಗುತ್ತಿವೆ. ವಾರ್ಷಿಕ ರಜೆ 30 ದಿನ, ಕಾಯಂ ಸೈನಿಕನ ರಜೆಗೆ ಹೋಲಿಸಿದರೆ ಮೂರನೆಯ ಒಂದು ಭಾಗದ ಆಸುಪಾಸು. ದೂರದ ಪೋಸ್ಟಿಂಗ್ ಇದ್ದರೆ ರೈಲಿನಲ್ಲೇ ಒಂದು ವಾರ ಹೋಗುತ್ತದೆ.

ಇನ್ನು ಯಾರೂ ಗಟ್ಟಿಯಾಗಿ ಮಾತಾಡಲು ಇಷ್ಟಪಡದ ಸಾಲು. ಕರ್ತವ್ಯದಲ್ಲಿ ಪ್ರಾಣ ಹೋದರೆ ಮನೆಯವರಿಗೆ 48 ಲಕ್ಷದ ವಿಮೆ (ಕಂತು ಹುಡುಗ ಕಟ್ಟುವುದಿಲ್ಲ), 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ ಮತ್ತು ಸೇವಾ ನಿಧಿ. 2024ರ ಜುಲೈನಲ್ಲಿ ಲೋಕಸಭೆಯಲ್ಲಿ ಇದರ ಬಗ್ಗೆ ಎದ್ದ ಗದ್ದಲದಲ್ಲಿ ಒಂದು ಕಡೆಯವರು ಏನೂ ಕೊಟ್ಟಿಲ್ಲ ಎಂಬಂತೆ ಮಾತಾಡಿದರು, ಇನ್ನೊಂದು ಕಡೆಯವರು ಒಂದು ಕೋಟಿಯ ಲೆಕ್ಕ ಹೇಳಿದರು. ಚರ್ಚೆಗೆ ಬಂದ ಮೃತ ಅಗ್ನಿವೀರ ಅಜಯ್ ಕುಮಾರ್ ಪ್ರಕರಣದಲ್ಲಿ 98 ಲಕ್ಷಕ್ಕೂ ಹೆಚ್ಚು ಕೊಟ್ಟಿರುವುದಾಗಿ ಸೇನೆ ಸ್ಪಷ್ಟಪಡಿಸಿತು. ಗಂಟು ದೊಡ್ಡದೇ. ಆದರೆ ಪಕ್ಕದ ಬಂಕರಿನಲ್ಲಿ ಅದೇ ಶೆಲ್ಲಿಗೆ ಸತ್ತ ಕಾಯಂ ಸೈನಿಕನ ಮನೆಗೆ ಬರುವ ಕುಟುಂಬ ಪಿಂಚಣಿ ಅಗ್ನಿವೀರನ ಮನೆಗೆ ಬರುವುದಿಲ್ಲ. ಯೋಜನೆಯಲ್ಲಿ ಸಮರ್ಥಿಸಿಕೊಳ್ಳಲಾಗದ ಭಾಗ ಇದು. ನಾಲ್ಕು ವರ್ಷಕ್ಕೆ ಪಿಂಚಣಿ ಯಾಕೆ ಎಂಬ ಪ್ರಶ್ನೆಗೆ ಅರ್ಥವಿದೆ, ಬದುಕಿ ಹೊರಬಂದವನಿಗೆ ಅದು ಅನ್ವಯಿಸುತ್ತದೆ. ಗುಂಡಿಗೆ ಕರಾರಿನ ಅವಧಿ ಗೊತ್ತಿರುವುದಿಲ್ಲ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೂ ಸಮಾನ ಸೌಲಭ್ಯ ಕೊಡಿ ಎಂದೇ ಶಿಫಾರಸು ಮಾಡಿದೆ. ಅಂಗವೈಕಲ್ಯಕ್ಕೂ ಒಂದೇ ಬಾರಿಯ ಪರಿಹಾರ: ಶೇ 100ಕ್ಕೆ 44 ಲಕ್ಷ, ಶೇ 75ಕ್ಕೆ 25, ಶೇ 50ಕ್ಕೆ 15. ಇಪ್ಪತ್ತರ ಹರೆಯದಲ್ಲಿ ಕಾಲು ಕಳೆದುಕೊಂಡವನಿಗೆ ಮುಂದೆ ನಲವತ್ತು ವರ್ಷದ ದುಡಿಮೆ ಬಾಕಿ ಇರುತ್ತದೆ ಎಂಬುದು ಈ ಪಟ್ಟಿಯಲ್ಲಿ ಕಾಣುವುದಿಲ್ಲ.

2025ರ ಮೇ ತಿಂಗಳ ಆಪರೇಷನ್ ಸಿಂಧೂರದ ವೇಳೆ ಅಗ್ನಿವೀರರೂ ಗಡಿಯಲ್ಲಿದ್ದರು, ಆಂಧ್ರದ ಒಬ್ಬ ಯುವಕ ಶೆಲ್ ದಾಳಿಗೆ ಬಲಿಯಾದ. ಅಲ್ಪಾವಧಿಯ ಸೈನಿಕರು ಯುದ್ಧಕ್ಕೆ ಲಾಯಕ್ಕಲ್ಲ ಎನ್ನುತ್ತಿದ್ದವರ ವಾದ ಆಗ ಸ್ವಲ್ಪ ತಣ್ಣಗಾಯಿತು. ಅದೇ ವಾರ ನಮ್ಮ ಸ್ಟುಡಿಯೋಗಳಲ್ಲಿ ಲಾಹೋರಿನವರೆಗೆ ಹೋಗಿಬಿಡಿ ಎಂದು ಕೂಗಿದವರಲ್ಲಿ ಒಬ್ಬರಾದರೂ ಕುಟುಂಬ ಪಿಂಚಣಿಯ ಮಾತೆತ್ತಿದ್ದರೆ ಯುದ್ಧೋತ್ಸಾಹಕ್ಕೆ ಸ್ವಲ್ಪ ತೂಕ ಬರುತ್ತಿತ್ತು.

ಸರ್ಕಾರದ ಕಡೆಯ ಕಾರಣಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 2022–23ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟ 5.25 ಲಕ್ಷ ಕೋಟಿಯಲ್ಲಿ ಸುಮಾರು 1.2 ಲಕ್ಷ ಕೋಟಿ ಪಿಂಚಣಿಗೇ. 2025–26ರಲ್ಲಿ ಅದು 1.6 ಲಕ್ಷ ಕೋಟಿ ದಾಟಿದೆ. ಯೋಜನೆ ಬಂದಾಗ ಸೇನೆಯ ಸರಾಸರಿ ವಯಸ್ಸು 32, ಅದನ್ನು 26ಕ್ಕೆ ಇಳಿಸುವುದು ಗುರಿ. ಕಾರ್ಗಿಲ್ ಪರಿಶೀಲನಾ ಸಮಿತಿಯೂ ಸೈನಿಕನ ಸೇವಾವಧಿಯನ್ನು 7ರಿಂದ 10 ವರ್ಷಕ್ಕೆ ಇಳಿಸಿ ಎಂದಿತ್ತು. ಆ ಸಮಿತಿ ಹೇಳಿದ್ದು ಕನಿಷ್ಠ ಏಳು, ಇಲ್ಲಿ ಕೊಟ್ಟಿದ್ದು ನಾಲ್ಕು. ಫಿರಂಗಿ, ರೇಡಾರ್, ಟ್ಯಾಂಕಿನ ಕೆಲಸ ಕಲಿತವನು ಕೈಗೆ ಬರುವ ಹೊತ್ತಿಗೆ ಹೊರಡುತ್ತಾನೆ ಎಂಬ ನಿವೃತ್ತ ಅಧಿಕಾರಿಗಳ ಆಕ್ಷೇಪಕ್ಕೆ ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ. ಜಾರಿಗೆ ತಂದ ರೀತಿಯಂತೂ ಕೆಟ್ಟದಾಗಿತ್ತು. ಕೋವಿಡ್ ಕಾಲದಲ್ಲಿ ಓಟ, ವೈದ್ಯಕೀಯ ಎರಡೂ ಮುಗಿಸಿ ಲಿಖಿತ ಪರೀಕ್ಷೆಗೆ ಕಾದಿದ್ದ ಹುಡುಗರ ಹಳೆಯ ಭರ್ತಿಯನ್ನೇ ರದ್ದು ಮಾಡಲಾಯಿತು. ಬಿಹಾರದಿಂದ ಸಿಕಂದರಾಬಾದ್‌ವರೆಗೆ ರೈಲು ಸುಟ್ಟ ಸಿಟ್ಟಿನ ಹಿಂದೆ, ಧಾರವಾಡದಲ್ಲಿ ಬೀದಿಗಿಳಿದವರ ಸಿಟ್ಟಿನ ಹಿಂದೆ ಇದ್ದ ದೊಡ್ಡ ಕಾರಣ ಅದೇ. ದೆಹಲಿ ಹೈಕೋರ್ಟ್ 2023ರ ಫೆಬ್ರವರಿಯಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ವಜಾ ಮಾಡಿತು. ಕಾನೂನಿನ ಬಾಗಿಲು ಅಲ್ಲಿಗೆ ಮುಚ್ಚಿತು.

ಹೊರಬಂದ ಮೇಲೆ? ಮೂಲ ಯೋಜನೆಯಲ್ಲಿ ಕಾಯಂ ಆಗುವವರು ಹೆಚ್ಚೆಂದರೆ ಶೇ 25. ಉಳಿದವರಿಗೆ ಕೇಂದ್ರೀಯ ಸಶಸ್ತ್ರ ಪಡೆಗಳಲ್ಲಿ ಶೇ 10 ಮೀಸಲು ಮತ್ತು ವಯಸ್ಸಿನ ಸಡಿಲಿಕೆ ಎಂದು 2022ರಲ್ಲೇ ಘೋಷಿಸಿದರು. ಉತ್ತರ ಪ್ರದೇಶ ತನ್ನ ಪೊಲೀಸ್ ನೇಮಕಾತಿಯಲ್ಲಿ ಶೇ 20 ಇಟ್ಟಿದೆ. ಮೊದಲ ತಂಡಗಳ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಯ ಹೊತ್ತಿಗೆ, ಈ ಮೀಸಲುಗಳು ಕಾಗದದಿಂದ ಇಳಿದು ನೌಕರಿಯಾಗುತ್ತವೆಯೇ ಎಂಬ ಪರೀಕ್ಷೆ ಆಮೇಲೆ. ಮಾಜಿ ಸೈನಿಕರಿಗೆ ದಶಕಗಳಿಂದ ಇರುವ ಕೋಟಾಗಳೇ ಪೂರ್ತಿ ತುಂಬಿದ್ದು ಅಪರೂಪ ಎಂಬುದನ್ನು ನೆನಪಿಟ್ಟುಕೊಂಡು ಲೆಕ್ಕ ಹಾಕಿ.

ಯಾರಿಗೆ ಒಪ್ಪುತ್ತದೆ? ಪಿಯುಸಿ ಮುಗಿಸಿದ, ಮನೆಯ ಭಾರ ಸದ್ಯಕ್ಕೆ ತಲೆಯ ಮೇಲಿಲ್ಲದ, ನಾಲ್ಕು ವರ್ಷದ ನಂತರ ಓದುತ್ತೇನೆ ಅಥವಾ ಪೊಲೀಸ್‌ಗೆ ಹೋಗುತ್ತೇನೆ ಎಂಬ ಯೋಜನೆ ಇರುವ ಹುಡುಗನಿಗೆ ಇದು ಒಳ್ಳೆಯ ಕರಾರು. ಊರಲ್ಲಿ ಆ ವಯಸ್ಸಿಗೆ ಇಷ್ಟು ಉಳಿತಾಯ ಮಾಡಿಸುವ ಬೇರೆ ಕೆಲಸ ಸಿಗುವುದು ಕಷ್ಟ. ಐದರಲ್ಲಿ ಮೂರು ಅಂಕ ಕೊಡಬಹುದು. ಇವನ ಒಬ್ಬನ ದುಡಿಮೆಯ ಮೇಲೆ ಮನೆ ನಿಂತಿದ್ದರೆ, ಕಾಯಂ ಆಗಿಯೇ ಆಗುತ್ತೇನೆ ಎಂಬ ನಂಬಿಕೆಯಲ್ಲಿ ಸೇರುತ್ತಿದ್ದರೆ, ಎರಡಕ್ಕಿಂತ ಹೆಚ್ಚಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಓಡುವ ಹುಡುಗರು ಒಂದು ಲೆಕ್ಕ ನೋಡಲಿ: ಕರ್ನಾಟಕದಲ್ಲಿ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಬೇಕು. ಸೇವೆಯಲ್ಲಿದ್ದಾಗಲೇ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿ ಮುಗಿಸುವ ವ್ಯವಸ್ಥೆ ಇದೆ, ತರಬೇತಿ ಮುಗಿದು ಯೂನಿಟ್‌ಗೆ ಹೋದ ಮೊದಲ ವರ್ಷದಲ್ಲೇ ಅದಕ್ಕೆ ಹೆಸರು ಬರೆಸುವುದು ಒಳ್ಳೆಯದು.