ಪ್ರಿಂಟ್ ಕ್ಯಾನ್ಸಲ್ ಮಾಡೋಕೆ ಕಪ್ಸ್ ಕಮಾಂಡ್‌ಗಳು: ಜೆರಾಕ್ಸ್ ಅಂಗಡಿ ಕಡೆಯಿಂದ ರಿವ್ಯೂ

ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್ ಇಟ್ಕೊಂಡು ಲಿನಕ್ಸ್ ಓಡಿಸ್ತಿರೋರು ಒಂದು ಪ್ರಿಂಟ್ ನಿಲ್ಸೋಕೆ ಇನ್ನೂ ಮೌಸ್ ಹಿಡ್ಕೊಂಡು ಸೆಟ್ಟಿಂಗ್ಸ್ ಒಳಗೆ ಹುಡುಕ್ತಾ ಇದ್ರೆ ದಯವಿಟ್ಟು ಇದನ್ನ ಓದಿ. ನಮ್ದು ಮೈಸೂರಲ್ಲಿ ಸರಸ್ವತಿಪುರಂ ಕಡೆ ಅಂಗಡಿ, ಮಾನಸಗಂಗೋತ್ರಿ ಯೂನಿವರ್ಸಿಟಿ ಹುಡುಗ್ರು ಥೀಸಿಸ್ ತರ್ತಾರೆ, ಉಳಿದಂಗೆ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್, ಎಲ್ಲಾ ಒಂದೇ ಸಿಸ್ಟಮ್‌ನಿಂದ ಎರಡು ಪ್ರಿಂಟರ್‌ಗೆ ಹೋಗ್ತಾ ಇರುತ್ತೆ.

ಕಪ್ಸ್ (CUPS) ಅಂದ್ರೆ ಲಿನಕ್ಸಲ್ಲೂ ಮ್ಯಾಕಲ್ಲೂ ಪ್ರಿಂಟಿಂಗ್ ನೋಡ್ಕೊಳ್ಳೋ ಸಾಫ್ಟ್‌ವೇರ್. ಮೈಕಲ್ ಸ್ವೀಟ್ ಅನ್ನೋರು ಮಾಡಿದ್ದು, 1999ರಲ್ಲಿ ಬಂತು, 2007ರಲ್ಲಿ ಆಪಲ್ ಕೊಂಡ್ಕೊಂತು, ಈಗ ಓಪನ್‌ಪ್ರಿಂಟಿಂಗ್ ಅನ್ನೋ ಗುಂಪಿನೋರು ಮುಂದುವರಿಸ್ತಿದಾರೆ. ಉಬುಂಟು ಅನ್ನೋ ಲಿನಕ್ಸ್ ಹಾಕಿದ್ರೆ ಜೊತೇಲೇ ಬರುತ್ತೆ, ಕಾಸು ಬಿಚ್ಚೋ ಹಂಗಿಲ್ಲ.

ಬಳಸೋದು ಹೇಗೆ ಅಂದ್ರೆ, ಟರ್ಮಿನಲ್ ತೆಗೆದು ಎಲ್‌ಪಿಸ್ಟ್ಯಾಟ್ ಮೈನಸ್ ಓ (lpstat -o) ಹೊಡೆದ್ರೆ ಕ್ಯೂನಲ್ಲಿರೋ ಜಾಬ್, ಅಂದ್ರೆ ಸಾಲಲ್ಲಿ ಕಾಯ್ತಿರೋ ಪ್ರಿಂಟ್, ಎಲ್ಲಾ ಬರುತ್ತೆ, ಪ್ರಿಂಟರ್ ಹೆಸ್ರು, ಪಕ್ಕದಲ್ಲೇ ಜಾಬ್ ನಂಬರ್. ಆದ್ರೆ ಫೈಲ್ ಹೆಸ್ರು ಅದ್ರಲ್ಲಿ ಕಾಣಲ್ಲ, ಅಂಗಡಿಯವ್ರಿಗೆ ಬೇಕಾಗಿರೋದೇ ಅದು, ಅದಕ್ಕೆ ನಾನು ಎಲ್‌ಪಿಕ್ಯೂ (lpq) ಹೊಡೀತೀನಿ, ಯಾವುದು ಈಗ ಓಡ್ತಿದೆ, ಮುಂದೆ ಯಾವುದು, ಫೈಲ್ ಯಾವುದು ಎಲ್ಲಾ ಸಾಲಾಗಿ ಬರುತ್ತೆ. ಆಮೇಲೆ ಕ್ಯಾನ್ಸಲ್ (cancel) ಅಂತ ಬರೆದು ನಂಬರ್ ಹಾಕಿ ಎಂಟರ್, ಅಷ್ಟೇ. ಮೊನ್ನೆ ಒಬ್ಬ ಹುಡುಗ "ಅಣ್ಣಾ ನಿಲ್ಸಿ ನಿಲ್ಸಿ, ಗೈಡ್ ಹೆಸ್ರು ತಪ್ಪಾಗಿದೆ" ಅಂತ ಕೂಗ್ದ, ಹಿಂದೆ ಇನ್ನೂ ನಾಲ್ಕು ಜನದ್ದು ಸಾಲಲ್ಲಿತ್ತು, ಅವನದ್ದೊಂದನ್ನೇ ತೆಗೆದೆ, ಮಿಕ್ಕವ್ರದ್ದು ಅದ್ರ ಪಾಡಿಗೆ ಬಂತು. ಬಾಂಡ್ ಪೇಪರ್ ರೇಟಿಗೆ ಇದು ದೊಡ್ಡ ಉಳಿತಾಯ ಕಣ್ರೀ.

ಒಂದು ಬೇಜಾರು ಇದೆ. ಜಾಬ್ ಕ್ಯಾನ್ಸಲ್ ಆಗಿ ಕ್ಯೂ ಖಾಲಿ ಅಂತ ತೋರಿಸ್ತಿದ್ರೂ ಪ್ರಿಂಟರ್ ಇನ್ನೂ ಕೆಲವು ಹಾಳೆ ಉಗುಳ್ತಾನೇ ಇರುತ್ತೆ. ಇದು ಕಪ್ಸ್ ತಪ್ಪಲ್ಲ, ಆಗಲೇ ಪ್ರಿಂಟರ್ ಮೆಮೊರಿಗೆ ಹೋಗ್ಬಿಟ್ಟಿರೋ ಪೇಜುಗಳು ಅವು, ಅದಕ್ಕೆ ಪ್ರಿಂಟರ್ ಮೇಲಿರೋ ಕ್ಯಾನ್ಸಲ್ ಬಟನ್ನೂ ಒತ್ತಲೇಬೇಕು. ಇನ್ನೊಂದು, ಕ್ಯಾನ್ಸಲ್ ಆಯ್ತು ಅಂತ ಒಂದು ಮಾತೂ ಹೇಳಲ್ಲ, ಮತ್ತೆ ಎಲ್‌ಪಿಕ್ಯೂ ಹೊಡೆದೇ ನೋಡ್ಕೋಬೇಕು. ಎಲ್‌ಪಿಆರ್‌ಎಂ (lprm) ಅಂತ ಇನ್ನೊಂದು ಕಮಾಂಡ್ ಇದೆ, ಅದೂ ಇದೇ ಕೆಲ್ಸ ಮಾಡುತ್ತೆ, ಆದ್ರೆ ನಂಬರ್ ಹಾಕ್ದೆ ಬರೀ ಅದನ್ನೇ ಹೊಡೆದ್ರೆ ಡೀಫಾಲ್ಟ್ ಪ್ರಿಂಟರ್‌ನಲ್ಲಿ ಈಗ ಓಡ್ತಿರೋ ಜಾಬ್ ಹೋಗ್ಬಿಡುತ್ತೆ, ಯಾರದ್ದು ಅಂತ ಕೇಳಲ್ಲ, ರಶ್ ಟೈಮಲ್ಲಿ ಅದರ ಸಹವಾಸ ಬೇಡ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಕ್ಯಾನ್ಸಲ್ ಕಮಾಂಡ್ ಜೊತೆ ಹಾಕೋ ಮೈನಸ್ ಎಕ್ಸ್ (-x). ಪ್ರಿಂಟ್ ಮುಗಿದ್ರೂ ಕ್ಯಾನ್ಸಲ್ ಆದ್ರೂ ಕಪ್ಸ್ ಆ ಫೈಲನ್ನ ಡೀಫಾಲ್ಟ್ ಆಗಿ 86400 ಸೆಕೆಂಡ್, ಅಂದ್ರೆ ಪೂರ್ತಿ ಒಂದು ದಿನ ತನ್ನ ಹತ್ರ ಇಟ್ಕೊಂಡಿರುತ್ತೆ. ಜನ ನಂಬಿ ಆಧಾರ್, ಪಾಸ್‌ಬುಕ್ ಕೊಡ್ತಾರೆ, ಅದು ನಮ್ಮ ಸಿಸ್ಟಮ್‌ನಲ್ಲಿ ಕೂತಿರಬಾರ್ದು. ಕ್ಯಾನ್ಸಲ್ ಜೊತೆ ಮೈನಸ್ ಎಕ್ಸ್ ಹಾಕಿದ್ರೆ ಫೈಲೂ ಅಳಿಸಿ ಹೋಗುತ್ತೆ. ಶಟರ್ ಎಳೆಯೋ ಮುಂಚೆ ಕ್ಯಾನ್ಸಲ್ ಜೊತೆ ಮೈನಸ್ ಎ ಮೈನಸ್ ಎಕ್ಸ್ ಎರಡೂ ಸೇರಿಸಿ (cancel -a -x) ಹೊಡೆದ್ರೆ ಎಲ್ಲಾ ಪ್ರಿಂಟರ್‌ದೂ ಒಟ್ಟಿಗೆ ಕ್ಲೀನ್. ಬೇರೆ ಅಂಗಡಿಯವ್ರೂ ಇದನ್ನ ಮಾಡ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಕಟ್ ಮಾಡಿದ್ದು ಕ್ಯಾನ್ಸಲ್ ಆಯ್ತು ಅಂತ ಹೇಳ್ದೆ ಸುಮ್ನಿರೋದಕ್ಕೆ. ಕೆಲಸದ ಹುಡುಗ್ರಿಗೆ ಬೇರೆ ಲಾಗಿನ್ ಕೊಟ್ಟಿದ್ರೆ ಒಬ್ಬರ ಜಾಬ್ ಇನ್ನೊಬ್ರು ಕ್ಯಾನ್ಸಲ್ ಮಾಡೋಕೆ ಬಿಡಲ್ಲ, ಉಬುಂಟುನಲ್ಲಾದ್ರೆ ನಂಬಿಕೆ ಇರೋ ಒಬ್ಬನನ್ನ ಪ್ರಿಂಟರ್ ನೋಡ್ಕೊಳ್ಳೋ ಅಧಿಕಾರ ಇರೋ ಎಲ್‌ಪಿಅಡ್ಮಿನ್ (lpadmin) ಗ್ರೂಪಿಗೆ ಸೇರಿಸಿಡಿ, ನೀವು ಊಟಕ್ಕೆ ಹೋದಾಗ ಅವನೇ ನೋಡ್ಕೊಳ್ತಾನೆ.